ಒಂದೂವರೆ ಲಕ್ಷ ಜನರ ದ್ವೀಪ ವಿಶ್ವಕಪ್ ತಲುಪಿದ್ದು ಹೇಗೆ? ಕ್ಯುರಸಾವ್ ಫುಟ್‌ಬಾಲ್ ತಂಡದ ಕಥೆ

2025ರ ನವೆಂಬರ್ 18ರಂದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ನಡೆದ ಪಂದ್ಯದಲ್ಲಿ ಒಂದೇ ಒಂದು ಗೋಲು ಬರಲಿಲ್ಲ. ಆದರೂ ಆ ರಾತ್ರಿ ಫುಟ್‌ಬಾಲಿನ ಒಂದು ದೊಡ್ಡ ದಾಖಲೆ ಮುರಿಯಿತು. ಜಮೈಕಾಕ್ಕೆ ಗೆಲುವು ಬೇಕೇ ಬೇಕಿತ್ತು. ಕ್ಯುರಸಾವ್‌ಗೆ ಡ್ರಾ ಸಾಕಿತ್ತು. ಜಮೈಕಾದವರು ಹೊಡೆದ ಚೆಂಡು ಮೂರು ಸಲ ಗೋಲ್‌ಪೋಸ್ಟ್‌ಗೆ ಬಡಿದು ವಾಪಸ್ ಬಂತು. ಕೊನೆಯ ಹೆಚ್ಚುವರಿ ನಿಮಿಷಗಳಲ್ಲಿ ರೆಫರಿ ಜಮೈಕಾಕ್ಕೆ ಪೆನಾಲ್ಟಿ ಕೊಟ್ಟರು. ಆಮೇಲೆ ವಿಡಿಯೊ ನೋಡಿ, ಅದು ತಪ್ಪು ತೀರ್ಮಾನ ಎಂದು ರದ್ದು ಮಾಡಿದರು. ಪಂದ್ಯ 0-0ರಲ್ಲಿ ಮುಗಿಯಿತು. ಕ್ಯುರಸಾವ್ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಇಷ್ಟು ಕಡಿಮೆ ಜನರಿರುವ ನಾಡು ಪುರುಷರ ಫುಟ್‌ಬಾಲ್ ವಿಶ್ವಕಪ್‌ಗೆ ಹಿಂದೆಂದೂ ಹೋಗಿರಲಿಲ್ಲ. ಅಲ್ಲಿನ ಜನಸಂಖ್ಯೆ ಸುಮಾರು 1.56 ಲಕ್ಷ. ನಮ್ಮ ಚಿತ್ರದುರ್ಗ ನಗರದಲ್ಲಿ 2011ರ ಜನಗಣತಿಯ ಹೊತ್ತಿಗೇ ಹತ್ತಿರಹತ್ತಿರ ಅಷ್ಟು ಜನ ಇದ್ದರು. ಚಿತ್ರದುರ್ಗದಿಂದ ಒಂದು ತಂಡ ಹೊರಟು ವಿಶ್ವಕಪ್‌ನಲ್ಲಿ ಜರ್ಮನಿಯ ಎದುರು ನಿಂತಿತು ಎಂದು ಊಹಿಸಿಕೊಳ್ಳಿ, ವಿಷಯ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಇದಕ್ಕೆ ಮುಂಚೆ ಈ ದಾಖಲೆ ಐಸ್‌ಲ್ಯಾಂಡ್ ಹೆಸರಲ್ಲಿತ್ತು. ಐಸ್‌ಲ್ಯಾಂಡ್ 2018ರಲ್ಲಿ ವಿಶ್ವಕಪ್ ಆಡಿದಾಗ ಅಲ್ಲಿ ಸುಮಾರು 3.5 ಲಕ್ಷ ಜನರಿದ್ದರು. ಕ್ಯುರಸಾವ್‌ನಲ್ಲಿ ಅದರ ಅರ್ಧದಷ್ಟೂ ಜನ ಇಲ್ಲ.

ಇಷ್ಟು ಚಿಕ್ಕ ದ್ವೀಪಕ್ಕೆ ಇದು ಹೇಗೆ ಸಾಧ್ಯವಾಯಿತು? ಬರೀ ಛಲ, ಅದೃಷ್ಟ ಎಂದರೆ ಉತ್ತರ ಪೂರ್ತಿ ಆಗುವುದಿಲ್ಲ. ಇದರ ಹಿಂದೆ ಒಂದು ಪಾಸ್‌ಪೋರ್ಟ್ ಇದೆ, ಒಂದು ತೈಲ ಕಾರ್ಖಾನೆ ಇದೆ, ಎರಡು ಮೂರು ತಲೆಮಾರಿನ ವಲಸೆ ಇದೆ.

ಎಲ್ಲಿದೆ ಈ ದ್ವೀಪ?

ದಕ್ಷಿಣ ಅಮೆರಿಕದ ಉತ್ತರದ ತುದಿಯಲ್ಲಿ ವೆನೆಜುವೆಲಾ ಇದೆ. ಅದರ ಕರಾವಳಿಯಿಂದ ಸ್ವಲ್ಪ ದೂರದಲ್ಲಿ, ಕೆರಿಬಿಯನ್ ಸಮುದ್ರದಲ್ಲಿ ಕ್ಯುರಸಾವ್ ಇದೆ. ವಿಸ್ತೀರ್ಣ 444 ಚದರ ಕಿಲೋಮೀಟರ್. ರಾಜಧಾನಿ ವಿಲೆಮ್‌ಸ್ಟಾಡ್. ಮನೆಯಲ್ಲಿ, ಬೀದಿಯಲ್ಲಿ ಜನ ಆಡುವ ಮಾತು ಪಾಪಿಯಾಮೆಂಟು. ಜೊತೆಗೆ ಡಚ್ ಭಾಷೆಯೂ ಇದೆ, ಏಕೆಂದರೆ 1634ರಲ್ಲಿ ಡಚ್ಚರು ಸ್ಪೇನಿನಿಂದ ಈ ದ್ವೀಪವನ್ನು ಕಿತ್ತುಕೊಂಡರು. ಆಫ್ರಿಕಾದಿಂದ ತಂದ ಗುಲಾಮರನ್ನು ಮಾರುವ ದೊಡ್ಡ ಕೇಂದ್ರವಾಗಿ ಇದನ್ನು ಬಳಸಿದರು. 1863ರಲ್ಲಿ ಗುಲಾಮಗಿರಿ ರದ್ದಾಯಿತು. ಇವತ್ತಿನ ಜನರಲ್ಲಿ ಬಹುಪಾಲು ಆ ಗುಲಾಮರ ವಂಶದವರೇ.

ಇನ್ನೊಂದು ವಿಷಯ. ದ್ವೀಪದಲ್ಲಿ ಬೇಸ್‌ಬಾಲ್ ಹುಚ್ಚು ಜೋರು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಹೆಸರು ಮಾಡಿದ ಆಂಡ್ರೂ ಜೋನ್ಸ್, ಕೆನ್ಲಿ ಜಾನ್ಸೆನ್, ಆಜಿ ಆಲ್ಬೀಸ್ ಮೂವರೂ ಇಲ್ಲಿಯವರು. ಅಂದರೆ ಇರುವ ಸ್ವಲ್ಪ ಹುಡುಗರಲ್ಲೂ ಒಂದಷ್ಟು ಮಂದಿ ಬೇಸ್‌ಬಾಲ್ ಕಡೆ ಹೋಗುತ್ತಾರೆ.

ಪೂರ್ತಿ ಸ್ವತಂತ್ರವಲ್ಲದ ನಾಡಿಗೆ ಸ್ವಂತ ತಂಡ ಹೇಗೆ?

ಕ್ಯುರಸಾವ್ ಭಾರತದ ಹಾಗೆ ಪೂರ್ತಿ ಸ್ವತಂತ್ರ ದೇಶವಲ್ಲ. ನೆದರ್‌ಲ್ಯಾಂಡ್ಸ್ ರಾಜಪ್ರಭುತ್ವ ಎನ್ನುವ ದೊಡ್ಡ ಚೌಕಟ್ಟಿನೊಳಗೆ ನಾಲ್ಕು ನಾಡುಗಳಿವೆ: ನೆದರ್‌ಲ್ಯಾಂಡ್ಸ್, ಅರೂಬಾ, ಕ್ಯುರಸಾವ್, ಸಿಂಟ್ ಮಾರ್ಟೆನ್. ಕ್ಯುರಸಾವ್‌ಗೆ ಸ್ವಂತ ಸಂಸತ್ತಿದೆ, ಸ್ವಂತ ಪ್ರಧಾನಿ ಇದ್ದಾರೆ. ರಕ್ಷಣೆ, ವಿದೇಶಾಂಗ ವ್ಯವಹಾರ, ಪೌರತ್ವ ಮುಂತಾದವು ಇಡೀ ರಾಜಪ್ರಭುತ್ವಕ್ಕೆ ಸೇರಿದ ವಿಷಯಗಳು. ಹಾಗಾಗಿ ಕ್ಯುರಸಾವ್‌ನವರ ಕೈಯಲ್ಲಿರುವುದು ಡಚ್ ಪಾಸ್‌ಪೋರ್ಟ್. ಈ ಪಾಸ್‌ಪೋರ್ಟ್ ವಿಷಯವನ್ನು ನೆನಪಲ್ಲಿಡಿ, ಕಥೆಯ ತಿರುಳು ಅಲ್ಲೇ ಇದೆ.

ವಿಶ್ವಸಂಸ್ಥೆಯಲ್ಲಿ 193 ಸದಸ್ಯ ದೇಶಗಳಿವೆ. ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾದಲ್ಲಿ 211 ಸದಸ್ಯರಿದ್ದಾರೆ. ಫಿಫಾದ ಸದಸ್ಯರು ದೇಶಗಳಲ್ಲ, ಫುಟ್‌ಬಾಲ್ ಸಂಸ್ಥೆಗಳು. ಬ್ರಿಟನ್ ಒಂದೇ ದೇಶ, ಆದರೆ ಇಂಗ್ಲೆಂಡ್, ಸ್ಕಾಟ್‌ಲ್ಯಾಂಡ್, ವೇಲ್ಸ್, ಉತ್ತರ ಐರ್ಲೆಂಡ್ ಬೇರೆಬೇರೆ ತಂಡ ಕಳಿಸುತ್ತವೆ. ಹಾಂಗ್‌ಕಾಂಗ್‌ಗೂ ತಂಡ ಇದೆ, ಡೆನ್ಮಾರ್ಕ್‌ಗೆ ಸೇರಿದ ಫ್ಯಾರೊ ದ್ವೀಪಗಳಿಗೂ ಇದೆ. ಕ್ಯುರಸಾವ್ ಕೂಡ ಹೀಗೇ ಸದಸ್ಯ.

ಹಳೆಯ ಹೆಸರು, ಹಳೆಯ ಆಟ

ಕ್ಯುರಸಾವ್ ನಿನ್ನೆ ಮೊನ್ನೆ ಹುಟ್ಟಿದ ತಂಡ ಎಂದು ಹಲವರು ಬರೆದರು. ಅದು ಅರ್ಧ ಸತ್ಯ. ಇಲ್ಲಿನ ಫುಟ್‌ಬಾಲ್ ಸಂಸ್ಥೆ ಶುರುವಾಗಿದ್ದು 1921ರಲ್ಲಿ. ಮೂರು ವರ್ಷದ ನಂತರ ಪಕ್ಕದ ಅರೂಬಾ ದ್ವೀಪದ ತಂಡದ ಎದುರು ಮೊದಲ ಪಂದ್ಯ ಆಡಿ ಗೆದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೂ ಹೋದರು. ಅಲ್ಲಿ ಟರ್ಕಿ ಎದುರು 1-2ರಲ್ಲಿ ಸೋತು ವಾಪಸಾದರು.

ಆ ಕಾಲದ ಹೀರೊ ಎರ್ಗಿಲಿಯೊ ಹಾಟೊ ಎಂಬ ಗೋಲ್‌ಕೀಪರ್. ದ್ವೀಪದಲ್ಲಿ ಅವರ ಮೇಲಿನ ಅಭಿಮಾನ ಎಷ್ಟೆಂದರೆ, ವಿಲೆಮ್‌ಸ್ಟಾಡ್‌ನ ಮುಖ್ಯ ಕ್ರೀಡಾಂಗಣಕ್ಕೆ ಅವರದೇ ಹೆಸರು. ರಾಷ್ಟ್ರೀಯ ತಂಡ ಇವತ್ತಿಗೂ ಆಡುವುದು ಅಲ್ಲೇ.

ಕಳೆದ ಶತಮಾನದ ನಡುವಿನಲ್ಲಿ ಡಚ್ ಆಡಳಿತದ ಆರು ಕೆರಿಬಿಯನ್ ದ್ವೀಪಗಳಿಗೆ ಒಟ್ಟಾಗಿ ನೆದರ್‌ಲ್ಯಾಂಡ್ಸ್ ಆಂಟಿಲೀಸ್ ಎಂಬ ಹೆಸರು ಬಂತು. ತಂಡವೂ ಅದೇ ಹೆಸರಲ್ಲಿ ಆಡತೊಡಗಿತು. ಉತ್ತರ ಅಮೆರಿಕ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಫುಟ್‌ಬಾಲ್ ಒಕ್ಕೂಟವನ್ನು ಕಾನ್ಕಕಾಫ್ ಎನ್ನುತ್ತಾರೆ. ಅದರ ಚಾಂಪಿಯನ್‌ಷಿಪ್‌ನಲ್ಲಿ ಈ ತಂಡ 1963 ಮತ್ತು 1969ರಲ್ಲಿ ಮೂರನೇ ಸ್ಥಾನ ಪಡೆಯಿತು. ನಂತರ ಬಹಳ ವರ್ಷ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ.

1986ರಲ್ಲಿ ಅರೂಬಾ ಬೇರೆಯಾಯಿತು. 2010ರ ಅಕ್ಟೋಬರ್ 10ರಂದು ಆಂಟಿಲೀಸ್ ಎಂಬ ವ್ಯವಸ್ಥೆಯೇ ವಿಸರ್ಜನೆಯಾಯಿತು. ಕ್ಯುರಸಾವ್, ಸಿಂಟ್ ಮಾರ್ಟೆನ್ ಸ್ವಂತ ಸರ್ಕಾರ ಮಾಡಿಕೊಂಡವು. ಬೊನೇರ್, ಸಾಬಾ, ಸಿಂಟ್ ಯುಸ್ಟೇಷಿಯಸ್ ದ್ವೀಪಗಳು ನೇರವಾಗಿ ನೆದರ್‌ಲ್ಯಾಂಡ್ಸ್‌ಗೆ ಸೇರಿದವು. ಹಳೆಯ ತಂಡದ ಫಿಫಾ ಸದಸ್ಯತ್ವ ಮತ್ತು ದಾಖಲೆಗಳು ಕ್ಯುರಸಾವ್ ಪಾಲಿಗೆ ಬಂದವು. ಇದು ಸಣ್ಣ ವಿಷಯವಲ್ಲ. ಸಿಂಟ್ ಮಾರ್ಟೆನ್ ಮತ್ತು ಬೊನೇರ್ ತಂಡಗಳು ಕಾನ್ಕಕಾಫ್ ಟೂರ್ನಿಗಳಲ್ಲಿ ಆಡುತ್ತವೆ, ಆದರೆ ಫಿಫಾ ಸದಸ್ಯತ್ವ ಇಲ್ಲದ ಕಾರಣ ವಿಶ್ವಕಪ್ ಅರ್ಹತಾ ಸುತ್ತಿಗೆ ಕಾಲಿಡುವಂತಿಲ್ಲ.

ತೈಲ ಕಾರ್ಖಾನೆ ಸೊರಗಿತು, ಜನ ಹೊರಟರು

ಫುಟ್‌ಬಾಲ್ ಕಥೆಯಲ್ಲಿ ತೈಲ ಕಾರ್ಖಾನೆಗೇನು ಕೆಲಸ? ತುಂಬಾ ಇದೆ.

ಕಳೆದ ಶತಮಾನದ ಆರಂಭದಲ್ಲಿ ವೆನೆಜುವೆಲಾದಲ್ಲಿ ಕಚ್ಚಾ ತೈಲ ಸಿಕ್ಕಿತು. ಅದನ್ನು ಸಂಸ್ಕರಿಸಲು ಶೆಲ್ ಕಂಪನಿ ವಿಲೆಮ್‌ಸ್ಟಾಡ್‌ನ ಬಂದರಿನ ಪಕ್ಕ ದೊಡ್ಡ ರಿಫೈನರಿ ಕಟ್ಟಿತು. ಹಲವು ದಶಕ ದ್ವೀಪದ ಹೊಟ್ಟೆಪಾಡು ಅದರ ಮೇಲೇ ನಡೆಯಿತು. ಸುತ್ತಮುತ್ತಲಿನ ದ್ವೀಪಗಳಿಂದ ಜನ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದರು. ಆಮೇಲೆ ಯಂತ್ರಗಳು ಬಂದವು, ಕೆಲಸ ಕಡಿಮೆಯಾಯಿತು. ಸಂಬಳದ ಅಸಮಾನತೆಗೆ ಸಿಟ್ಟಾಗಿ 1969ರ ಮೇ 30ರಂದು ಕಾರ್ಮಿಕರು ಬೀದಿಗಿಳಿದರು. ವಿಲೆಮ್‌ಸ್ಟಾಡ್‌ನ ಒಂದು ಭಾಗವೇ ಹೊತ್ತಿ ಉರಿಯಿತು. 1985ರಲ್ಲಿ ಶೆಲ್ ದ್ವೀಪ ಬಿಟ್ಟು ಹೋಯಿತು. ರಿಫೈನರಿಯನ್ನು ವೆನೆಜುವೆಲಾದ ಸರ್ಕಾರಿ ಕಂಪನಿ ನಡೆಸತೊಡಗಿತಾದರೂ ಹಳೆಯ ವೈಭವ ಬರಲಿಲ್ಲ.

ಕೆಲಸ ಇಲ್ಲದವರು ಎಲ್ಲಿಗೆ ಹೋಗಬೇಕು? ಕೈಯಲ್ಲಿ ಡಚ್ ಪಾಸ್‌ಪೋರ್ಟ್ ಇತ್ತು. ವೀಸಾ ಬೇಕಿಲ್ಲ, ಅನುಮತಿ ಬೇಕಿಲ್ಲ. ವಿಮಾನ ಹತ್ತಿದರೆ ಸಾಕು. ಓದಲು, ದುಡಿಯಲು ಸಾವಿರಾರು ಕುಟುಂಬಗಳು ರೋಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್, ಇನ್ನೂ ಸಣ್ಣ ಊರುಗಳಿಗೆ ಹೋಗಿ ನೆಲೆಸಿದವು. ಇವತ್ತು ಡಚ್ ಕೆರಿಬಿಯನ್ ದ್ವೀಪಗಳ ಮೂಲದ ಲಕ್ಷಕ್ಕೂ ಜಾಸ್ತಿ ಜನ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾರೆ.

ಆ ಮನೆಗಳ ಮಕ್ಕಳು ಬೆಳೆದದ್ದು ಎಲ್ಲಿ ಅಂತ ನೋಡಿ. ಜಗತ್ತಿನಲ್ಲೇ ಅತ್ಯುತ್ತಮ ಎನಿಸಿದ ಫುಟ್‌ಬಾಲ್ ತರಬೇತಿ ಇರುವ ದೇಶದಲ್ಲಿ. ಮನೆ ಹತ್ತಿರವೇ ಕ್ಲಬ್ಬು, ಹುಲ್ಲಿನ ಮೈದಾನ, ಕಲಿತ ಕೋಚ್‌ಗಳು. ಹುಡುಗ ಚೆನ್ನಾಗಿ ಆಡಿದರೆ ಅಯಾಕ್ಸ್, ಫೆಯೆನೂರ್ಡ್, ಪಿಎಸ್‌ವಿಯಂಥ ದೊಡ್ಡ ಕ್ಲಬ್ಬುಗಳ ಅಕಾಡೆಮಿ. ಇವರಲ್ಲಿ ತೀರಾ ಪ್ರತಿಭಾವಂತರು ನೆದರ್‌ಲ್ಯಾಂಡ್ಸ್ ತಂಡಕ್ಕೇ ಹೋದರು. ಡಚ್ ತಂಡದ ಸ್ಟ್ರೈಕರ್ ಆಗಿದ್ದ ಪ್ಯಾಟ್ರಿಕ್ ಕ್ಲೈವರ್ಟ್ ಅವರ ತಾಯಿ ಕ್ಯುರಸಾವ್‌ನವರು. ಆದರೆ ಒಂದು ದೇಶಕ್ಕೆ ಒಮ್ಮೆಗೆ ಹನ್ನೊಂದೇ ಆಟಗಾರರು. ಅವರ ಕೆಳಗಿನ ಸಾಲಿನಲ್ಲಿ, ವೃತ್ತಿಪರ ಲೀಗುಗಳಲ್ಲಿ ಆಡುತ್ತಿದ್ದೂ ಡಚ್ ತಂಡದಲ್ಲಿ ಜಾಗ ಸಿಗದ ಎಷ್ಟೋ ಮಂದಿ ಉಳಿದರು.

ಕ್ಯುರಸಾವ್ ತಂಡ ಕಟ್ಟಿದ್ದು ಇವರನ್ನು ಕರೆದು.

ಯಾರು ಯಾವ ದೇಶಕ್ಕೆ ಆಡಬಹುದು?

ಫಿಫಾದ ಮೊದಲ ನಿಯಮ ಸರಳ. ಯಾವ ನಾಡಿಗೆ ಆಡುತ್ತೀರೋ ಅಲ್ಲಿನ ಪೌರತ್ವ ಇರಬೇಕು. ಆದರೆ ಡಚ್ ಪಾಸ್‌ಪೋರ್ಟ್ ಒಂದೇ ಇದ್ದು, ಅದರಿಂದ ನೆದರ್‌ಲ್ಯಾಂಡ್ಸ್, ಅರೂಬಾ, ಕ್ಯುರಸಾವ್ ಮೂರಕ್ಕೂ ಆಡಬಹುದು ಎನ್ನುವಾಗ ಏನು ಮಾಡುವುದು? ಆಗ ಎರಡನೇ ನಿಯಮ ಬರುತ್ತದೆ. ಆಟಗಾರ ಆ ನಾಡಿನಲ್ಲಿ ಹುಟ್ಟಿರಬೇಕು, ಇಲ್ಲವೇ ಅವನ ಅಪ್ಪ ಅಥವಾ ಅಮ್ಮ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಜ್ಜ ಅಜ್ಜಿಯರಲ್ಲಿ ಒಬ್ಬರು ಅಲ್ಲಿ ಹುಟ್ಟಿರಬೇಕು. ಅದೂ ಇಲ್ಲದಿದ್ದರೆ ನಿಗದಿತ ವರ್ಷ ಅಲ್ಲಿ ವಾಸ ಮಾಡಿರಬೇಕು.

ಹಾಗಾಗಿ ರೋಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಹುಡುಗನ ಅಜ್ಜಿ ವಿಲೆಮ್‌ಸ್ಟಾಡ್‌ನಲ್ಲಿ ಹುಟ್ಟಿದ್ದರೂ ಸಾಕು. ಹೊಸ ಪೌರತ್ವ ಕೇಳಬೇಕಿಲ್ಲ, ಹಳೆಯದನ್ನು ಬಿಡಬೇಕಿಲ್ಲ.

ಹಿಂದೆ ಬೇರೆ ತಂಡಕ್ಕೆ ಆಡಿದ್ದರೆ? ದೇಶದ ಹಿರಿಯರ ತಂಡಕ್ಕೆ ಬರೀ ಸೌಹಾರ್ದ ಪಂದ್ಯ ಆಡಿದ್ದರೆ ಅಥವಾ ಕಿರಿಯರ ತಂಡದಲ್ಲಿ ಮಾತ್ರ ಆಡಿದ್ದರೆ, ಷರತ್ತುಗಳಿಗೆ ಒಳಪಟ್ಟು ತಂಡ ಬದಲಿಸಬಹುದು. 2020ರಲ್ಲಿ ಫಿಫಾ ಇದನ್ನು ಇನ್ನೂ ಸಡಿಲ ಮಾಡಿತು. ಮೂರಕ್ಕಿಂತ ಜಾಸ್ತಿ ಹಿರಿಯರ ಪಂದ್ಯ ಆಡಿರದಿದ್ದರೆ, ಆಡಿದ್ದೂ 21 ವರ್ಷ ತುಂಬುವ ಮುಂಚೆಯೇ ಆಗಿದ್ದರೆ, ಕೊನೆಯ ಪಂದ್ಯವಾಗಿ ಮೂರು ವರ್ಷ ಕಳೆದಿದ್ದರೆ, ವಿಶ್ವಕಪ್‌ನಂಥ ದೊಡ್ಡ ಟೂರ್ನಿಯಲ್ಲಿ ಆಡಿರದಿದ್ದರೆ ಆಟಗಾರ ಇನ್ನೊಂದು ದೇಶಕ್ಕೆ ಹೋಗಬಹುದು.

ಸೋಂಟೆ ಹಾನ್ಸೆನ್ ಇದಕ್ಕೆ ಒಳ್ಳೆಯ ಉದಾಹರಣೆ. 2019ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನೆದರ್‌ಲ್ಯಾಂಡ್ಸ್ ಪರ ಅತಿ ಹೆಚ್ಚು ಗೋಲು ಹೊಡೆದ ಹುಡುಗ ಅವರು. ಈಗ ಕ್ಯುರಸಾವ್ ಆಟಗಾರ. ನಾಯಕ ಲಿಯಾಂಡ್ರೊ ಬಕೂನಾ ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನ ಗ್ರೊನಿಂಗನ್‌ನಲ್ಲಿ, ಇಂಗ್ಲೆಂಡಿನಲ್ಲಿ ಆಸ್ಟನ್ ವಿಲ್ಲಾ ಪರ ಆಡಿದವರು. ಅವರ ತಮ್ಮ ಜುನಿನ್ಯೊ ಕೂಡ ಇದೇ ತಂಡದಲ್ಲಿದ್ದಾರೆ. ಗೋಲ್‌ಕೀಪರ್ ಎಲೋಯ್ ರೂಮ್ ನೈಮೇಗನ್‌ನಲ್ಲಿ ಹುಟ್ಟಿದವರು. ಕಿಂಗ್‌ಸ್ಟನ್‌ಗೆ ಹೋದ ತಂಡದಲ್ಲಿ ದ್ವೀಪದಲ್ಲೇ ಹುಟ್ಟಿದವರು ತಾಹಿತ್ ಚಾಂಗ್ ಒಬ್ಬರೇ. ಅವರೂ ಚಿಕ್ಕಂದಿನಲ್ಲೇ ಫೆಯೆನೂರ್ಡ್ ಸೇರಿ, ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದವರು.

ಹಾಗಾದರೆ ಇದು ನಿಜಕ್ಕೂ ಕ್ಯುರಸಾವ್ ತಂಡವೇ? ಹಲವರು ಈ ಪ್ರಶ್ನೆ ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ನನಗೆ ಅನ್ನಿಸುವುದು ಇಷ್ಟು: ಆ ಅಪ್ಪ ಅಮ್ಮಂದಿರು ಮೋಜಿಗೆ ಊರು ಬಿಟ್ಟವರಲ್ಲ. ಕೆಲಸ ಹೋಯಿತೆಂದು ಬಿಟ್ಟರು. ದ್ವೀಪದ ಜನರನ್ನು ಎಣಿಸುವಾಗ ದ್ವೀಪದ ನೆಲದ ಮೇಲೆ ನಿಂತವರನ್ನಷ್ಟೇ ಎಣಿಸಿದರೆ ಅರ್ಧ ಕುಟುಂಬವನ್ನು ಬಿಟ್ಟ ಹಾಗಾಗುತ್ತದೆ.

ಸುರಿನಾಮ್ ಮತ್ತು ಅರೂಬಾ: ಎರಡು ಹೋಲಿಕೆಗಳು

ಪಾಸ್‌ಪೋರ್ಟ್ ಎಷ್ಟು ಮುಖ್ಯ ಅಂತ ತಿಳಿಯಲು ಸುರಿನಾಮ್ ನೋಡಬೇಕು. ದಕ್ಷಿಣ ಅಮೆರಿಕದ ಈ ದೇಶವೂ ಡಚ್ ವಸಾಹತಾಗಿತ್ತು, 1975ರಲ್ಲಿ ಸ್ವತಂತ್ರವಾಯಿತು. ಅಲ್ಲಿಂದಲೂ ದೊಡ್ಡ ಸಂಖ್ಯೆಯಲ್ಲಿ ಜನ ನೆದರ್‌ಲ್ಯಾಂಡ್ಸ್‌ಗೆ ಹೋದರು. ರೂಡ್ ಗುಲ್ಲಿಟ್, ಫ್ರಾಂಕ್ ರೈಕಾರ್ಡ್ ಸುರಿನಾಮ್ ಮೂಲದವರು. ಎಡ್ಗರ್ ಡೇವಿಡ್ಸ್, ಕ್ಲಾರೆನ್ಸ್ ಸೀಡಾರ್ಫ್ ಸುರಿನಾಮ್‌ನಲ್ಲೇ ಹುಟ್ಟಿದವರು. ಎಲ್ಲರೂ ಆಡಿದ್ದು ನೆದರ್‌ಲ್ಯಾಂಡ್ಸ್ ಪರ. ಡಚ್ ಪಾಸ್‌ಪೋರ್ಟ್ ಇದ್ದವರು ಸುರಿನಾಮ್ ಪರ ಆಡಬೇಕಾದರೆ ಅದನ್ನು ಬಿಟ್ಟು ಸುರಿನಾಮ್ ಪೌರತ್ವ ಪಡೆಯಬೇಕಿತ್ತು. ಯುರೋಪಿನ ಲೀಗಿನಲ್ಲಿ ಹೊಟ್ಟೆ ಹೊರೆಯುವ ಆಟಗಾರ ಅದನ್ನು ಯಾಕೆ ಬಿಡುತ್ತಾನೆ? ಕೊನೆಗೆ 2019ರಲ್ಲಿ ಸುರಿನಾಮ್ ಆಟಗಾರರಿಗೆಂದೇ ಒಂದು ವಿಶೇಷ ಕ್ರೀಡಾ ಪಾಸ್‌ಪೋರ್ಟ್ ತಂದಿತು. ಆಮೇಲೆ ತಂಡ ಬೇಗ ಮೇಲೆದ್ದಿತು. 2026ರ ಅರ್ಹತಾ ಸುತ್ತಿನಲ್ಲಿ ಪ್ಲೇಆಫ್‌ವರೆಗೂ ಬಂತು.

ಕ್ಯುರಸಾವ್‌ಗೆ ಆ ತೊಡಕು ಇರಲೇ ಇಲ್ಲ.

ಆದರೆ ಅರೂಬಾಗೂ ಇರಲಿಲ್ಲ, ಅಲ್ವಾ? ಅದೇ ಪಾಸ್‌ಪೋರ್ಟ್, ಅದೇ ಸಮುದ್ರ, ಅದೇ ವಲಸೆ. ಜನಸಂಖ್ಯೆ ಲಕ್ಷದ ಮೇಲೆ ಸ್ವಲ್ಪ. 2024ರ ಜೂನ್‌ನಲ್ಲಿ ಇದೇ ಅರ್ಹತಾ ಸುತ್ತಿನಲ್ಲಿ ಕ್ಯುರಸಾವ್ ಅರೂಬಾವನ್ನು 2-0ರಲ್ಲಿ ಸೋಲಿಸಿತು. ನಿಯಮ ಬಾಗಿಲು ತೆರೆಯುತ್ತದೆ ಅಷ್ಟೇ. ಆಟಗಾರರನ್ನು ಹುಡುಕಿ, ಮನವೊಲಿಸಿ, ಒಟ್ಟಿಗೆ ಆಡಿಸುವ ಕೆಲಸ ಯಾರಾದರೂ ಮಾಡಬೇಕು.

ತಂಡ ಬೆಳೆದ ಹತ್ತು ವರ್ಷ

ಆ ಕೆಲಸಕ್ಕೆ ವೇಗ ಬಂದದ್ದು 2015ರಲ್ಲಿ, ಕ್ಲೈವರ್ಟ್ ಕೋಚ್ ಆದಾಗ. ತನ್ನ ಕಾಲದ ದೊಡ್ಡ ಡಚ್ ಸ್ಟ್ರೈಕರ್ ಫೋನ್ ಮಾಡಿ "ಅಮ್ಮನ ಊರಿಗೆ ಆಡೋಣ" ಎಂದರೆ ಯಾವ ಹುಡುಗ ಕಿವಿಗೊಡುವುದಿಲ್ಲ! ಆ ಸಲದ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಕ್ಯೂಬಾವನ್ನು ದಾಟಿ ಎಲ್ ಸಾಲ್ವಡೋರ್ ಎದುರು ಸೋತರು. ನಂತರ ಅವರ ಸಹಾಯಕರಾಗಿದ್ದ ರೆಮ್ಕೊ ಬಿಸೆಂಟಿನಿ ಕೋಚ್ ಆದರು. 2017ರಲ್ಲಿ ತಂಡ ಫೈನಲ್‌ನಲ್ಲಿ ಜಮೈಕಾವನ್ನು 2-1ರಲ್ಲಿ ಸೋಲಿಸಿ ಕೆರಿಬಿಯನ್ ಕಪ್ ಗೆದ್ದಿತು. 2019ರಲ್ಲಿ ಪ್ರಾದೇಶಿಕ ಟೂರ್ನಿಯಾದ ಗೋಲ್ಡ್ ಕಪ್‌ನ ಕ್ವಾರ್ಟರ್‌ಫೈನಲ್ ತಲುಪಿ ಅಮೆರಿಕದ ಎದುರು ಒಂದೇ ಗೋಲಿನಿಂದ ಸೋತಿತು.

ಹೆಸರಾಂತ ಗುಸ್ ಹಿಡಿಂಕ್ ಕೂಡ ಒಂದಷ್ಟು ಕಾಲ ಕೋಚ್ ಆಗಿದ್ದರು. 2022ರ ವಿಶ್ವಕಪ್ ದಾರಿಯಲ್ಲಿ ಪನಾಮಾ ಅಡ್ಡ ಬಂತು. ಕೋವಿಡ್‌ನಿಂದಾಗಿ 2021ರ ಗೋಲ್ಡ್ ಕಪ್‌ನಿಂದ ಹಿಂದೆ ಸರಿಯಬೇಕಾಯಿತು. 2023ರ ಮಾರ್ಚ್‌ನಲ್ಲಿ, ವಿಶ್ವಕಪ್ ಗೆದ್ದು ಬೀಗುತ್ತಿದ್ದ ಅರ್ಜೆಂಟೀನಾ ಎದುರು 0-7 ಸೋಲು. ಮೆಸ್ಸಿ ತಮ್ಮ ದೇಶದ ಪರ ನೂರನೇ ಗೋಲು ಹೊಡೆದದ್ದು ಆ ಪಂದ್ಯದಲ್ಲೇ.

2024ರ ಜನವರಿಯಲ್ಲಿ ಡಿಕ್ ಅಡ್ವೊಕಾಟ್ ಬಂದರು. 1947ರಲ್ಲಿ ಹುಟ್ಟಿದ, ನೆದರ್‌ಲ್ಯಾಂಡ್ಸ್ ತಂಡಕ್ಕೇ ಮೂರು ಬಾರಿ ಕೋಚ್ ಆಗಿದ್ದವರು. ದಕ್ಷಿಣ ಕೊರಿಯಾ, ರಷ್ಯಾ ತಂಡಗಳನ್ನೂ ನಡೆಸಿದವರು. ಅವರ ಹೆಸರು ಕೇಳಿ ಇನ್ನಷ್ಟು ಆಟಗಾರರು ಬಂದರು. ಆದರೆ ಕಿಂಗ್‌ಸ್ಟನ್‌ನ ಆ ಕೊನೆಯ ಪಂದ್ಯಕ್ಕೆ ಅವರು ಇರಲಿಲ್ಲ. ಮನೆಯ ಕಾರಣಕ್ಕೆ ನೆದರ್‌ಲ್ಯಾಂಡ್ಸ್‌ಗೆ ಮರಳಿದ್ದರು. ಸಹಾಯಕರೇ ತಂಡ ನಡೆಸಿದರು.

ಬಾಗಿಲು ಅಗಲವಾಗಿತ್ತು, ಆದರೂ ದಾಟಬೇಕಿತ್ತು

2026ರ ವಿಶ್ವಕಪ್‌ನಲ್ಲಿ 32ರ ಬದಲು 48 ತಂಡಗಳು. ಜೊತೆಗೆ ಅಮೆರಿಕ, ಕೆನಡಾ, ಮೆಕ್ಸಿಕೊ ಆತಿಥೇಯ ದೇಶಗಳಾದ್ದರಿಂದ ಅವಕ್ಕೆ ನೇರ ಪ್ರವೇಶ. ಅಂದರೆ ಕಾನ್ಕಕಾಫ್‌ನ ಮೂರು ದೊಡ್ಡ ತಂಡಗಳು ಅರ್ಹತಾ ಸುತ್ತಿನಲ್ಲಿ ಇರಲೇ ಇಲ್ಲ. ಉಳಿದವರಿಗೆ ಮೂರು ನೇರ ಸ್ಥಾನ, ಎರಡು ಪ್ಲೇಆಫ್ ಸ್ಥಾನ. ಇಂಥ ಅವಕಾಶ ಸುಮ್ನೆ ಸಿಗುವುದಲ್ಲ.

ಎರಡನೇ ಸುತ್ತಿನಲ್ಲಿ ಕ್ಯುರಸಾವ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಿತು. ಹೈಟಿಯನ್ನು 5-1ರಲ್ಲಿ ಸೋಲಿಸಿದ್ದು ಅದರಲ್ಲಿ ಒಂದು, ಮತ್ತು ಅದೇ ಹೈಟಿ ಮುಂದೆ ತಾನೂ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಕೊನೆಯ ಸುತ್ತಿನ ಗುಂಪಿನಲ್ಲಿ ಜಮೈಕಾ, ಟ್ರಿನಿಡಾಡ್ ಮತ್ತು ಟೊಬ್ಯಾಗೊ, ಬರ್ಮುಡಾ ಇದ್ದವು. ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ನೇರ ಸ್ಥಾನ. ತಮ್ಮೂರಲ್ಲಿ ಜಮೈಕಾವನ್ನು 2-0ರಲ್ಲಿ ಸೋಲಿಸಿದರು. ಬರ್ಮುಡಾಕ್ಕೆ ಅವರ ನೆಲದಲ್ಲೇ ಏಳು ಗೋಲು ಹಾಕಿದರು. ಟ್ರಿನಿಡಾಡ್ ಎದುರು ಎರಡೂ ಪಂದ್ಯ ಡ್ರಾ. ಆರು ಪಂದ್ಯಗಳಲ್ಲಿ ಮೂರು ಗೆಲುವು, ಮೂರು ಡ್ರಾ. ಕ್ಯುರಸಾವ್ 12 ಅಂಕ, ಜಮೈಕಾ 11. ಒಂದೂ ಪಂದ್ಯ ಸೋಲಲಿಲ್ಲ.

"ನಾವ್ಯಾಕೆ ಹೋಗೋಕಾಗಲ್ಲ?"

ಈ ಸುದ್ದಿ ಬಂದಾಗ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ. ಅಂದಹಾಗೆ ಭಾರತ ಈ ತಂಡದ ಜೊತೆ ಆಡಿದೆ. 2019ರ ಜೂನ್ 5ರಂದು, ಥಾಯ್ಲೆಂಡ್‌ನ ಕಿಂಗ್ಸ್ ಕಪ್‌ನಲ್ಲಿ. ಕ್ಯುರಸಾವ್ 3-1ರಲ್ಲಿ ಗೆದ್ದಿತು. ನಮ್ಮ ಒಂದೇ ಗೋಲು ಸುನಿಲ್ ಚೆಟ್ರಿ ಅವರ ಪೆನಾಲ್ಟಿ. ಮುಂದೆ ಆ ಟೂರ್ನಿಯನ್ನೂ ಕ್ಯುರಸಾವ್ ಗೆದ್ದುಕೊಂಡಿತು.

ಜನಸಂಖ್ಯೆಗೆ ತಕ್ಕ ಹಾಗೆ ಫುಟ್‌ಬಾಲ್ ತಂಡ ಬಲಿಯುವುದಿಲ್ಲ. ಹತ್ತು ಹನ್ನೆರಡನೇ ವಯಸ್ಸಿನಿಂದ ಒಳ್ಳೆಯ ತರಬೇತಿ, ವರ್ಷಕ್ಕೆ ಸಾಕಷ್ಟು ಪಂದ್ಯ ಸಿಗುವ ಮಕ್ಕಳು ಎಷ್ಟು ಎನ್ನುವುದೇ ಲೆಕ್ಕ. ಕ್ಯುರಸಾವ್ ಮೂಲದ ಮಕ್ಕಳಿಗೆ ಅದನ್ನು ನೆದರ್‌ಲ್ಯಾಂಡ್ಸ್ ಕೊಟ್ಟಿತು.

ವಿದೇಶದಲ್ಲಿರುವ ಭಾರತೀಯ ಮೂಲದವರನ್ನು ಕರೆಸಬಹುದಲ್ಲ ಎಂದರೆ, ಅಲ್ಲಿ ನಮ್ಮ ಕಾನೂನು ಬೇರೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಸರ್ಕಾರ ಕೊಡುವ ಓಸಿಐ ಕಾರ್ಡ್ ಇದ್ದರೆ ಇಲ್ಲಿ ಬಂದು ಬದುಕಬಹುದು, ಅದು ಪೌರತ್ವವಲ್ಲ. ಭಾರತಕ್ಕೆ ಆಡಬೇಕಾದರೆ ಭಾರತೀಯ ಪಾಸ್‌ಪೋರ್ಟ್ ಬೇಕು, ಹಳೆಯದನ್ನು ಬಿಡಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ತಾಯಿಯ ಕಡೆಯಿಂದ ಭಾರತದ ನಂಟು. 2025ರಲ್ಲಿ ಅವರು ಆಸ್ಟ್ರೇಲಿಯಾ ಪೌರತ್ವ ಬಿಟ್ಟುಕೊಟ್ಟೇ ಭಾರತೀಯ ಪಾಸ್‌ಪೋರ್ಟ್ ಪಡೆದರು. ಒಬ್ಬ ಆಟಗಾರನ ಜೀವನದಲ್ಲಿ ಅದು ಎಷ್ಟು ದೊಡ್ಡ ನಿರ್ಧಾರ! ಕ್ಯುರಸಾವ್ ಪರ ಆಡಲು ಬಂದ ಯಾವ ಡಚ್ ಹುಡುಗನೂ ಆ ನಿರ್ಧಾರ ಮಾಡಬೇಕಾಗಿ ಬರಲಿಲ್ಲ.

ವಿಶ್ವಕಪ್‌ನಲ್ಲಿ ಯಾರ ಎದುರು?

ಗುಂಪುಗಳನ್ನು ನಿರ್ಧರಿಸಲು ಚೀಟಿ ಎತ್ತಿದಾಗ ಕ್ಯುರಸಾವ್ 'ಇ' ಗುಂಪಿಗೆ ಬಿದ್ದಿತು. ಜೊತೆಗಿರುವವರು ನಾಲ್ಕು ಬಾರಿಯ ಚಾಂಪಿಯನ್ ಜರ್ಮನಿ, ಈಕ್ವೆಡಾರ್, ಐವರಿ ಕೋಸ್ಟ್. ಮೊದಲ ಪಂದ್ಯವೇ ಜರ್ಮನಿ ಎದುರು, ಜೂನ್ 14ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ. ಹೊಸ ವ್ಯವಸ್ಥೆಯಲ್ಲಿ 12 ಗುಂಪುಗಳಿವೆ. ಪ್ರತಿ ಗುಂಪಿನ ಮೊದಲ ಇಬ್ಬರು ಮುಂದೆ ಹೋಗುತ್ತಾರೆ. ಮೂರನೇ ಸ್ಥಾನ ಪಡೆದವರಲ್ಲಿ ಅತ್ಯುತ್ತಮ ಎಂಟು ತಂಡಗಳಿಗೂ ಅವಕಾಶ ಇದೆ. ಹಾಗಾಗಿ ಒಂದು ಗೆಲುವು ಸಿಕ್ಕರೂ ಮುಂದಿನ ಸುತ್ತಿನ ಆಸೆ ಇಟ್ಟುಕೊಳ್ಳಬಹುದು.